ಬಂದರು ಬಾಬಣ್ಣನ ಕೊನೆಯ ಸಂಚಿಕೆ

ನನ್ನ ಗಂಡ ಗುಣಪಾಲರಿಗೆ ಬೇಕಾದದ್ದನ್ನು ಬೇಕು ಅನ್ನುವ ಅಭ್ಯಾಸ ಇಲ್ಲ. ಕಂಕನಾಡಿ ಮಾರುಕಟ್ಟೆಯಲ್ಲಿ ಅಂಜಲ್ ಮೀನಿನ ಮುಂದೆ ನಿಂತು, ಬಾಯಲ್ಲಿ ನೀರೂರುತ್ತಿದ್ದರೂ, "ಇದೆಂತ, ನಿನ್ನೆಯದ್ದಾ?" ಎಂದು ಮೂಗು ಮುರಿಯುತ್ತಾರೆ. ನನ್ನನ್ನು ನೋಡಲು ಬಂದ ದಿನವೂ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕೂತಿದ್ದು, ಹೊರಡುವಾಗ "ತಿಳಿಸ್ತೇವೆ" ಎಂದಷ್ಟೇ ಹೇಳಿದ್ದರು. ಅಪ್ಪನಿಗೆ ಆ ದಿನ ಊಟ ಸೇರಲಿಲ್ಲ. ಇವರು ಮಾತ್ರ ಮರಳುವ ದಾರಿಯಲ್ಲೇ ಕಾರು ನಿಲ್ಲಿಸಿ ಇವಳೇ ಆಗಬೇಕು ಎಂದು ಹಟ ಹಿಡಿದಿದ್ದರಂತೆ. ಮದುವೆಯಾದ ಮೇಲೆ ಅವರ ಅಕ್ಕ ಹೇಳಿದ್ದು. ನನಗೆ ಆಗ ನಗು ಬಂದಿತ್ತು. ಈಗ ಬರುವುದಿಲ್ಲ.

ಇವರ ಹಾಗೆ ಹಳೆಯ ಕಾಮಿಕ್ಸ್ ಚಿತ್ರಕಥೆ ಪುಸ್ತಕ ಕೂಡಿಡುವವರಲ್ಲಿ ಇದು ಇವರೊಬ್ಬರ ಗುಣವೂ ಅಲ್ಲ, ಆ ಪಂಗಡವೇ ಹಾಗೆ. ಬೇಕಾದ ಪುಸ್ತಕ ಕಣ್ಣಿಗೆ ಬಿದ್ದ ಕೂಡಲೇ ಮುಖ ಸಪ್ಪಗೆ ಮಾಡಬೇಕು. ಆಮೇಲೆ ಒಂದು ಕೊರತೆ ಹುಡುಕಬೇಕು. ಆಮೇಲೆ "ಒಂದು ಸುತ್ತು ಹಾಕಿ ಬರ್ತೇನೆ" ಎಂದು ಅಲ್ಲಿಂದ ಎದ್ದು ಹೋಗಬೇಕು. ಮರಳಿ ಬರುವಾಗ ಏನೋ ಈಗ ನೆನಪಾದವರ ಹಾಗೆ, ಇರಲಿ, ಕೊಡಿ, ಎನ್ನಬೇಕು. ಆಸೆ ತೋರಿಸಿದರೆ ಎದುರಿನವರು ತಲೆಯ ಮೇಲೆ ಕೂರುತ್ತಾರೆ ಎನ್ನುವುದು ಇವರ ವಾದ. ನಮ್ಮ ಮನೆಯಲ್ಲಿ ಎ.ಸಿ. ಇರುವುದು ಪುಸ್ತಕದ ಕೋಣೆಗೆ, ನಾನು ಮಲಗುವುದು ಫ್ಯಾನಿನ ಕೆಳಗೆ. ಅದನ್ನೂ ಇವರು ಹೊರಗೆ ಹೇಳುವುದು "ಎಂತದೋ ಸ್ವಲ್ಪ ಹಳೆ ಪುಸ್ತಕ ಉಂಟು" ಎಂದೇ.

ಆ ಕೋಣೆಯಲ್ಲಿ ಇಲ್ಲದ ಒಂದೇ ಒಂದು ಪುಸ್ತಕಕ್ಕೆ ಇವರು ಅರ್ಧ ಆಯುಷ್ಯ ಕೊರಗಿದ್ದಾರೆ. 'ಬಂದರು ಬಾಬಣ್ಣ' ಎಂದು ಹಿಂದೆ ಮಂಗಳೂರಿನಲ್ಲೇ ಅಚ್ಚಾಗುತ್ತಿದ್ದ ಚಿತ್ರಕಥೆ. ಬಾಬಣ್ಣ ಬಂದರಿನಲ್ಲಿ ಮೂಟೆ ಹೊರುವವನು, ಬಿಡುವಾದಾಗ ಕಳ್ಳಸಾಗಣೆಯವರನ್ನು ಹಿಡಿಯುವವನು. ಕೆಲವೇ ಸಂಚಿಕೆ ಬಂದು ಮುದ್ರಣಾಲಯ ಮುಚ್ಚಿತು. ಕೊನೆಯದರ ಹಿಂದಿನ ಸಂಚಿಕೆಯಲ್ಲಿ ಬಾಬಣ್ಣ ನದಿ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ಮಗುಚಿದ ದೋಣಿಯ ಕೆಳಗೆ ಸಿಕ್ಕಿಬಿದ್ದಿದ್ದಾನೆ. ಮುಂದೇನಾಯಿತು ಎನ್ನುವುದು ಇವರಿಗೆ ಗೊತ್ತಿಲ್ಲ.

ಗೊತ್ತಿದ್ದವರು ಒಬ್ಬರೇ, ಇವರ ಸ್ನೇಹಿತ ತೊಕ್ಕೊಟ್ಟಿನ ಮುಕೇಶಣ್ಣ. ಮಸ್ಕತ್‌ನಲ್ಲಿ ಗೋಡೌನ್ ನೋಡಿಕೊಳ್ಳುತ್ತಿದ್ದವರು. ರಜೆಗೆ ಬರುವಾಗ ಉಳಿದವರ ಪೆಟ್ಟಿಗೆಯಲ್ಲಿ ಸೆಂಟು, ಚಾಕಲೇಟು ಇದ್ದರೆ ಮುಕೇಶಣ್ಣನದ್ದರಲ್ಲಿ ದಾರಿಯಲ್ಲಿ ಮುಂಬೈಯಲ್ಲಿ ಇಳಿದು ಹುಡುಕಿ ತಂದ ಹಳೆ ಕಾಮಿಕ್ಸ್. ಹೆಂಡತಿ ಜಯಕ್ಕ ಇಡೀ ತೊಕ್ಕೊಟ್ಟಿಗೆ ಕೇಳುವ ಹಾಗೆ ಬೈಯುತ್ತಿದ್ದರು. ಕೊನೆಯ ಸಂಚಿಕೆ ಮುಕೇಶಣ್ಣನ ಹತ್ತಿರ ಇತ್ತು. ಮುಟ್ಟಲಿಕ್ಕೂ ಕೊಟ್ಟವರಲ್ಲ. ಬಾಬಣ್ಣ ಬದುಕಿದನಾ ಎಂದು ಇವರು ಕೇಳಿದರೆ, "ಅದನ್ನೆಲ್ಲ ಹೇಳ್ಲಿಕ್ಕೆ ಆಗುವುದಿಲ್ಲ ಮಾರಾಯ" ಎಂದು ನಗುತ್ತಿದ್ದರು. ಕಳೆದ ವರ್ಷ ಹೃದಯಾಘಾತವಾಗಿ ತೀರಿಹೋದರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಎಲೆಯ ಮುಂದೆ ಕೂತಾಗಲೂ ಇವರ ಕಣ್ಣು ಒಳಕೋಣೆಯ ಕಪಾಟಿನ ಮೇಲಿತ್ತು. ನಾನು ಮೊಣಕೈಯಿಂದ ತಿವಿದೆ. ಸ್ನೇಹಿತ ಸತ್ತ ದುಃಖ ಇರಲಿಲ್ಲ ಎಂದಲ್ಲ. ಎರಡೂ ಒಟ್ಟಿಗೇ ಇತ್ತು, ಅದೇ ನನಗೆ ಸಿಟ್ಟು ಬರಿಸುವುದು.

ಮೊನ್ನೆ ಭಾನುವಾರ ಪಂಪ್‌ವೆಲ್ ಹತ್ತಿರದ ಒಂದು ಮದುವೆ ಹಾಲ್‌ನಲ್ಲಿ ಕಾಮಿಕ್ಸ್ ಮೇಳ ಇತ್ತು. ಮಂಟಪ ಕಟ್ಟುವ ಜಾಗದಲ್ಲಿ ದೊಡ್ಡ ಪರದೆ, ಊಟದ ಮೇಜುಗಳ ಮೇಲೆಲ್ಲ ಪುಸ್ತಕ. ಕಾಮಿಕ್ಸ್ ಪಾತ್ರಗಳ ವೇಷದಲ್ಲಿ, ಬೆನ್ನಿಗೆ ರೇಷ್ಮೆ ಬಟ್ಟೆ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗ ಹುಡುಗಿಯರು ಸೆಕೆಗೆ ಬೆವರುತ್ತ ಓಡಾಡುತ್ತಿದ್ದರು. ಇವರದ್ದು ಇಸ್ತ್ರಿ ಮಾಡಿದ ಶರ್ಟು, ಬಟ್ಟೆಯ ಚೀಲ, ಜೇಬಿನಲ್ಲಿ ಹತ್ತಿಯ ಕೈಗವಸು. ಅಲ್ಲಿ ಇವರಿಗೆ ಬಹಳ ಮರ್ಯಾದೆ. ಮೇಳ ನಡೆಸುವವರೇ ಬಂದು ಕೈ ಮುಗಿದು, ಗುಣಪಾಲ ಸರ್ ಬಂದರು ಎಂದು ಮೈಕಿನಲ್ಲಿ ಹೇಳಿಸಿದರು. ಹಳೆ ಪುಸ್ತಕದ ವಿಷಯದಲ್ಲಿ ಇವರ ಮಾತೇ ಕೊನೆಯ ಮಾತು. ನನಗೂ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಬಾಗಿಲ ಹತ್ತಿರದ ಮೇಜಿನಲ್ಲಿ ಪ್ರಾಪ್ತಿ ನಮ್ಮನ್ನೇ ಕಾಯುತ್ತಿದ್ದಳು. ಮುಕೇಶಣ್ಣನ ಒಬ್ಬಳೇ ಮಗಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮುಂದೆ ಹಾಲಿನ ಪುಡಿಯ ಒಂದು ದೊಡ್ಡ ತಗಡಿನ ಡಬ್ಬ ಇತ್ತು.

"ಅಂಕಲ್, ಅಪ್ಪ ಹೇಳ್ತಿದ್ದರು, ಇದರ ವಿಷಯ ಗೊತ್ತಿರುವುದು ನಿಮಗೆ ಮಾತ್ರ ಅಂತ," ಎಂದಳು. "ಅಮ್ಮ ಕಪಾಟು ಖಾಲಿ ಮಾಡುವ ಅಂತಿದ್ದಾರೆ. ಈ ಡಬ್ಬ ಎಲ್ಲಕ್ಕಿಂತ ಒಳಗೆ ಇತ್ತು. ಮಾರ್ಲಿಕ್ಕೆ ಕೇಳುವುದಲ್ಲ. ಇದರಲ್ಲಿ ನಿಜವಾಗಿ ಎಂತಾದರೂ ಉಂಟಾ? ಉಂಟು ಅಂತಾದರೆ ನಾನು ಇಟ್ಕೊಳ್ತೇನೆ. ಅಪ್ಪ ಅಷ್ಟು ವರ್ಷ ಮಾಡಿದ್ದು ಎಂತ ಅಂತ ಗೊತ್ತಾದರೆ ಸಾಕು ನನಗೆ. ಅಮ್ಮನಿಗೂ ಹೇಳ್ಬಹುದು."

ಇದಕ್ಕಿಂತ ನೇರವಾಗಿ ಯಾರೂ ಕೇಳಲಾರರು. ಇವರು ಕೈಗವಸು ಹಾಕಿಕೊಂಡು ಡಬ್ಬದ ಮುಚ್ಚಳ ತೆಗೆದರು. ಮೇಲಿನ ನಾಲ್ಕಾರು ಪುಸ್ತಕ ಸರಿಸಿದಾಗ ಬೆಣ್ಣೆ ಕಾಗದದಲ್ಲಿ ಸುತ್ತಿದ್ದು ಒಂದು ಸಿಕ್ಕಿತು. ಬಿಡಿಸಿ ನೋಡಿ ಹಾಗೆಯೇ ಮುಚ್ಚಿದರು. ಆಗ ಇವರ ಮುಖ ಸಪ್ಪಗಾಯಿತು. ಆ ಸಪ್ಪೆ ಮುಖ ನನಗೆ ಚೆನ್ನಾಗಿ ಗೊತ್ತು, ಇಷ್ಟು ಸಪ್ಪಗೆ ಮಾತ್ರ ನಾನು ಯಾವತ್ತೂ ನೋಡಿರಲಿಲ್ಲ.

"ಸಾಮಾನ್ಯದ್ದು ಮಗಾ," ಎಂದರು. "ಆಗ ಎಲ್ಲರ ಮನೆಯಲ್ಲೂ ಇತ್ತು. ಕಾಗದ ಸಹ ಹಳದಿ ಆಗಿದೆ."

"ಇದೊಂದನ್ನು ಅಪ್ಪ ಯಾಕೆ ಹೀಗೆ ಸುತ್ತಿ ಇಟ್ಟಿದ್ದು?"

"ಅವನು ಎಲ್ಲವನ್ನೂ ಸುತ್ತಿ ಇಡ್ತಿದ್ದ. ಅದೊಂದು ಮರುಳು." ಕೈಗವಸು ಬಿಚ್ಚಿದರು. "ಇರಲಿ, ನಾವು ಒಂದು ಸುತ್ತು ಹಾಕಿ ಬರ್ತೇವೆ."

ಪ್ರಾಪ್ತಿ ಸರಿ ಅಂಕಲ್ ಎಂದಳು. ಅವಳ ದನಿಯಲ್ಲಿ ಬೇಸರ ಇತ್ತೋ ಏನೋ, ಗಮನಿಸುವಷ್ಟು ಹೊತ್ತು ಇವರು ನನ್ನನ್ನು ಅಲ್ಲಿ ನಿಲ್ಲಲು ಬಿಡಲಿಲ್ಲ. ತೋಳು ಹಿಡಿದು ಎಳೆದುಕೊಂಡೇ ಹೋದರು.

ಹಾಲ್‌ನ ಹಿಂಭಾಗದಲ್ಲಿ ಶರಬತ್ತು ಮಾರುವ ಕಡೆ ಕುರ್ಚಿಯ ಮೇಲೆ ಕುಸಿದು ಕೂತರು.

"ಅದೇ, ಜಲಜ. ಅದೇ ಕೊನೆಯ ಸಂಚಿಕೆ."

"ಹಾಗಾದರೆ ಎದ್ದು ಹೋಗಿ ಹೇಳಿ. ಅವಳು ಕ್ರಯ ಕೇಳ್ಲಿಕ್ಕೆ ಬಂದದ್ದಲ್ಲ. ಅಪ್ಪನ ವಿಷಯ ಕೇಳಿದ್ದು."

"ಹೇಳ್ತೇನೆ. ಎಲ್ಲ ಹೇಳ್ತೇನೆ. ಈಗ ಓಡಿ ಹೋದರೆ ಎಂತ ಗ್ರಹಿಸ್ತಾಳೆ? ಸ್ವಲ್ಪ ಹೊತ್ತು ಹೋಗಲಿ."

ಇವರು ಮೋಸಗಾರರಲ್ಲ. ಯಾರಿಗೂ ಕಡಿಮೆ ಕೊಟ್ಟವರಲ್ಲ, ಎಷ್ಟೋ ಸಲ ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟು ಬಂದು ನನ್ನಿಂದ ಬೈಸಿಕೊಂಡಿದ್ದಾರೆ. ಆ ಹುಡುಗಿಗೂ ಕೊನೆಗೆ ಸತ್ಯವೇ ಹೇಳುತ್ತಿದ್ದರು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಸುತ್ತು ಮುಗಿಯದೆ ಬಾಯಿ ತೆರೆಯಲು ಈ ಮನುಷ್ಯನಿಗೆ ಬರುವುದಿಲ್ಲ. ನನಗೆ ಎಷ್ಟು ರೇಗಿತೆಂದರೆ ಒಂದೇ ಗುಟುಕಿಗೆ ಶರಬತ್ತು ಕುಡಿದೆ. ಅಷ್ಟರಲ್ಲಿ ಯಾರೋ ಬಂದು ಇವರನ್ನು ವೇದಿಕೆಗೆ ಕರೆದರು. ಹೋಗಿ, ಹಳೆ ಪುಸ್ತಕ ಹೇಗೆ ಕಾಪಾಡಬೇಕು ಎಂದು ಒಳ್ಳೆಯ ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಹೊತ್ತು ಹೋಗಲಿ ಎಂದಿದ್ದರಲ್ಲ, ಹೋಯಿತು.

ಮರಳಿ ಬಂದಾಗ ಪ್ರಾಪ್ತಿಯ ಮೇಜಿನ ಮೇಲೆ ಡಬ್ಬ ಖಾಲಿ ಇತ್ತು. ಅವಳು ಪಕ್ಕದ ಮೇಜಿನಲ್ಲಿ ನಿಂತಿದ್ದಳು. ಅದು ಎಲೇನ್ ಎನ್ನುವ ಚಿತ್ರಕಲೆ ಟೀಚರ್ ನಡೆಸುತ್ತಿದ್ದ ಮೇಜು. ಹಾಳಾದ ಕಾಮಿಕ್ಸಿನಿಂದ ಚಿತ್ರ ಕತ್ತರಿಸಿ ಮಕ್ಕಳು ಬ್ಯಾಜ್ ಮಾಡುವುದು. ಸುತ್ತಲೂ ಮಕ್ಕಳು ಕತ್ತರಿ ಹಿಡಿದು ತಲೆ ಬಗ್ಗಿಸಿ ಕೂತಿದ್ದರು. ಮೇಜಿನ ಮೇಲೆ ಬೆಣ್ಣೆ ಕಾಗದ ಬಿಚ್ಚಿ ಬಿದ್ದಿತ್ತು. ಒಂದು ಪುಟ್ಟ ಹುಡುಗಿಯ ಫ್ರಾಕಿನ ಮೇಲೆ ಮುಂಡಾಸು ಕಟ್ಟಿದ ಬಾಬಣ್ಣನ ತಲೆ ಆಗಲೇ ಗುಂಡಗೆ ಕತ್ತರಿಸಿಕೊಂಡು ಬ್ಯಾಜಾಗಿ ಕೂತಿತ್ತು.

ಎಲೇನ್ ಇವರನ್ನು ಕಂಡು ಎದ್ದು ನಿಂತರು. "ನಾನು ಪ್ರಾಪ್ತಿ ಹತ್ತಿರ ಕೇಳಿದೆ ಸರ್, ಇದು ಚೆನ್ನಾಗಿ ಉಂಟಲ್ಲ, ಯಾರಿಗಾದರೂ ತೋರಿಸಿದ್ದೀರಾ ಅಂತ. ಗುಣಪಾಲ ಸರ್ ನೋಡಿದ್ದಾರೆ, ಸಾಮಾನ್ಯದ್ದು ಅಂದಿದ್ದಾರೆ ಅಂದರು. ನೀವೇ ನೋಡಿದ ಮೇಲೆ ನಾನು ಎಂತ ಹೇಳುವುದು?"

ಇವರು ಮೇಜಿನ ಅಂಚು ಹಿಡಿದುಕೊಂಡರು.

"ಕಸಕ್ಕೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ ಅಂಕಲ್," ಎಂದಳು ಪ್ರಾಪ್ತಿ. "ಮಕ್ಕಳಾದರೂ ಖುಷಿಪಡಲಿ ಅಂತ ಕೊಟ್ಟೆ. ಅಮ್ಮನಿಗೂ ಫೋನ್ ಮಾಡಿದೆ. ಲೈನ್‌ನಲ್ಲಿ ಇದ್ದಾರೆ, ನಿಮ್ಮ ಹತ್ತಿರ ಮಾತಾಡ್ಬೇಕಂತೆ." ಗದ್ದಲದಲ್ಲಿ ಕೇಳಲಿ ಎಂದು ಸ್ಪೀಕರ್ ಹಾಕಿ ಫೋನನ್ನು ಇವರ ಕೈಗೆ ಕೊಟ್ಟಳು.

"ಗುಣಪಾಲಣ್ಣ," ಜಯಕ್ಕನ ದನಿ. ಅತ್ತು ಮುಗಿಸಿದವರ ದನಿ. "ಪ್ರಾಪ್ತಿ ಹೇಳಿದಳು. ನನಗೆ ನಮ್ಮವರು ತೀರಿಹೋದಲ್ಲಿಂದ ಸರಿ ನಿದ್ರೆ ಇಲ್ಲ. ನಾನು ಎಷ್ಟು ಬೈದಿದ್ದೇನೆ ಅಂತ ನಿಮಗೆ ಗೊತ್ತುಂಟಲ್ಲ. ಅದು ನಿಜವಾಗಿ ದೊಡ್ಡ ವಿಷಯ ಆಗಿದ್ದರೆ ನಾನು ಬೈದದ್ದೆಲ್ಲ ಎಂತ ಆಗ್ಬೇಕು, ಅದೇ ಹೆದರಿಕೆ. ನಿಮ್ಮ ಮಾತು ಕೇಳಿ ಸ್ವಲ್ಪ ಹಗುರ ಆಯ್ತು. ಅಂಥಾದ್ದು ಎಂತ ಇಲ್ಲ ಅಲ್ವಾ?"

ನಾನು ಇವರ ಮುಖ ನೋಡಿದೆ. ಇಲ್ಲ ಎಂದರೆ ಮುಕೇಶಣ್ಣ ಆಯುಷ್ಯವಿಡೀ ಕಸ ಹೊತ್ತ ಮರುಳ ಎಂದೇ ಆ ಮನೆಯಲ್ಲಿ ಉಳಿಯುತ್ತಾರೆ. ಉಂಟು ಎಂದರೆ ಕತ್ತರಿಗೆ ಕೊಟ್ಟವಳು ಇಲ್ಲೇ ನಿಂತಿದ್ದಾಳೆ, ಬೈದವರು ಅಲ್ಲಿ ಕೇಳಿಸಿಕೊಳ್ಳುತ್ತಿದ್ದಾರೆ. ಸ್ವಲ್ಪ ಹೊತ್ತಿನ ಹಿಂದೆ ಎದ್ದು ಹೋಗಿ ಹೇಳಿ ಎಂದು ಗದರಿದವಳು ನಾನು. ಆಗ ನನ್ನ ನಾಲಿಗೆಯೂ ಏಳಲಿಲ್ಲ.

"ಇಲ್ಲ ಜಯಕ್ಕ," ಎಂದರು. "ಎಂತ ಇಲ್ಲ." ದನಿ ಮೀನಿನ ಮುಂದೆ ನಿಂತಾಗ ಇರುವಷ್ಟೇ ಸಪಾಟಾಗಿತ್ತು. ಕಣ್ಣಿನಿಂದ ನೀರು ಇಳಿದು ಗಲ್ಲಕ್ಕೆ ಬರುತ್ತಿತ್ತು. ಪ್ರಾಪ್ತಿ ಅದನ್ನು ನೋಡುತ್ತಿದ್ದಳು.

"ಹಾಗಾದರೆ ಕಪಾಟಿನಲ್ಲಿ ಉಳಿದದ್ದನ್ನು ನಾಳೆ ಗುಜರಿಯವನಿಗೆ ಕೊಡ್ತೇನೆ."

"ಬೇಡ."

"ಎಂತ?"

"ಗುಜರಿಗೆ ಬೇಡ ಜಯಕ್ಕ. ನಾನು ಬಂದು ತಗೊಂಡು ಹೋಗ್ತೇನೆ."

"ನಿಮಗೆ ಯಾಕೆ ಆ ಕಸ? ನಿಮ್ಮ ಮನೆಯಲ್ಲಿ ಇರುವುದು ಸಾಲದಾ?"

ಇವರಿಗೆ ಹೇಳಲು ನೂರು ನೆವ ಇತ್ತು. ಸ್ನೇಹಿತನ ನೆನಪಿಗೆ ಎನ್ನಬಹುದಿತ್ತು, ಯಾವುದಾದರೂ ಶಾಲೆಗೆ ಕೊಡುತ್ತೇನೆ ಎನ್ನಬಹುದಿತ್ತು. ಆ ಕಲೆಯಲ್ಲಿ ಪಳಗಿದ ಮನುಷ್ಯ. ಬಾಯಿ ತೆರೆದು ಮುಚ್ಚಿದರು, ಮತ್ತೊಮ್ಮೆ ತೆರೆದರು.

"ನನಗೆ ಬೇಕು," ಎಂದರು. "ನನಗೆ ಬೇಕು ಜಯಕ್ಕ."

ಆ ಕಡೆಯಿಂದ ಕುರ್ಚಿ ಎಳೆದು ಕೂತ ಸದ್ದು ಕೇಳಿತು.

"ನಮ್ಮವರು ನಿಮ್ಮನ್ನು ಯಾವಾಗಲೂ ತಮಾಷೆ ಮಾಡ್ತಿದ್ದರು," ಎಂದರು ಜಯಕ್ಕ, ನಿಧಾನವಾಗಿ. "ಗುಣಪಾಲ ಒಂದು ಪುಸ್ತಕವನ್ನು ಸಾಮಾನ್ಯದ್ದು ಅಂದರೆ ಅದನ್ನು ಕೈಬಿಡಬಾರದು ಅಂತ. ನನಗೆ ಈಗ ನೆನಪಾಗುವುದು. ಗುಣಪಾಲಣ್ಣ, ಆ ಡಬ್ಬದಲ್ಲಿ ಎಂತ ಇತ್ತು?"

ಪ್ರಾಪ್ತಿ ಮೇಜಿನ ಕಡೆ ತಿರುಗಿದಳು. ಹತ್ತಿರ ಕೂತಿದ್ದ ಮಗುವಿನ ಕೈಯಿಂದ ಕತ್ತರಿಯನ್ನು ಮೆಲ್ಲಗೆ ತೆಗೆದುಕೊಂಡಳು. ಆಮೇಲೆ ಅದನ್ನು ಎಲ್ಲಿ ಇಡುವುದು ಎಂದು ತಿಳಿಯದವಳ ಹಾಗೆ ಹಿಡಿದುಕೊಂಡೇ ನಿಂತಳು. ಇವರು ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

"ಜಯಕ್ಕ, ನಾನು ಜಲಜಾಕ್ಷಿ," ಎಂದೆ. "ಮಗಳನ್ನು ಕರ್ಕೊಂಡು ನಾವು ಈಗ ಮನೆಗೆ ಬರ್ತೇವೆ. ಕೂತು ಹೇಳ್ತೇವೆ."