ನಕ್ಷೆಯಲ್ಲಿಲ್ಲದ ಗೋಡೆ

ಆ ಗೋಡೆಯನ್ನು ಬೆಳಿಗ್ಗೆ ಹತ್ತಕ್ಕೆ ಒಡೆಯುತ್ತಾರೆ ಎಂದು ತಮ್ಮ ಹೇಳಿದಾಗಿನಿಂದ ನನಗೆ ಊಟ ಸೇರಿರಲಿಲ್ಲ.

ಮನೆ ಒಬ್ಬ ಡಾಕ್ಟರದು. ಐವತ್ತೆಂಟು ವರ್ಷದ ಹಿಂದೆ ನಮ್ಮಪ್ಪ ಮೇಸ್ತ್ರಿಯಾಗಿ ನಿಂತು ಕಟ್ಟಿದ್ದು. ಹೆಂಚಿಲ್ಲ, ಕಮಾನಿಲ್ಲ, ಬರೀ ಗಾಜು, ಬರೀ ನೇರ ಗೆರೆ. ಬಾಗಿಲ ಮುಂದೆ ಚಾವಣಿ ಹತ್ತು ಅಡಿ ಚಾಚಿಕೊಂಡಿದೆ. ಅದರ ತುದಿಯ ಕೆಳಗೆ, ಅದಕ್ಕೆ ತಾಗಿಕೊಂಡೇ ಒಂದು ಗೋಡೆ. ಈಗ ಆ ಮನೆಯನ್ನು ಮ್ಯೂಸಿಯಂ ಮಾಡುತ್ತಿದ್ದಾರೆ. ಕಂಟ್ರಾಕ್ಟು ನನ್ನ ತಮ್ಮನದು. ಹಳೆಯ ಗಾರೆ ಕೆಲಸ ತೋರಿಸಿಕೊಡುವವನು ನಾನು.

“ನಕ್ಷೇಲಿ ಈ ಗೋಡೆನೇ ಇಲ್ಲ. ಯಾರೋ ಆಮೇಲೆ ಸೇರ್ಸಿದಾರೆ. ತೆಗೆದ್ರೆ ಮನೆ ಮೊದಲಿನ ಹಾಗೆ ಹಗುರಾಗಿ ಕಾಣುತ್ತೆ” ಎಂದಿದ್ದರು ಆರ್ಕಿಟೆಕ್ಟ್ ಮೇಡಂ.

ಸೇರಿಸಿದವರು ಅಪ್ಪನೇ. ಯಾಕೆಂದು ಬಲ್ಲವನು ನಾನೊಬ್ಬನೇ.

ಎಲ್ಲ ಮನೆಯ ಚಾವಣಿಯಲ್ಲೂ ಕಬ್ಬಿಣದ ಕಂಬಿ ಕಾಂಕ್ರೀಟಿನ ತಳಭಾಗದಲ್ಲಿರುತ್ತದೆ. ಹೀಗೆ ಚಾಚಿದ್ದಕ್ಕೆ ಮಾತ್ರ ಮೇಲ್ಭಾಗದಲ್ಲಿರಬೇಕು, ಇಲ್ಲದಿದ್ದರೆ ತುದಿ ಬಾಗಿ ಮುರಿಯುತ್ತದೆ. ಅಪ್ಪ ಹಾಗೇ ಕಟ್ಟಿಸಿದ್ದರು. ಕಾಂಕ್ರೀಟು ಹಾಕುವ ದಿನ ನನಗೆ ಇಪ್ಪತ್ತು. ಕಾಂಕ್ರೀಟಿನ ಬಾಂಡ್ಲಿ ಹೊತ್ತು, ಸುತ್ತಿಕೊಂಡು ಹೋಗುವುದು ಯಾಕೆ ಎಂದು, ಇಡೀ ದಿನ ಆ ಕಂಬಿಗಳ ಮೇಲೇ ಓಡಾಡಿದೆ. ಅವು ತಳಕ್ಕೆ ಕುಸಿದವು. ಅಪ್ಪ ನೋಡುವಷ್ಟರಲ್ಲಿ ಕಾಂಕ್ರೀಟು ಮುಚ್ಚಿತ್ತು. ಕೆಲವು ವಾರವಾದ ಮೇಲೆ ಕೆಳಗಿನ ಮರದ ಆಸರೆ ಬಿಚ್ಚಿದರೆ ತುದಿ ನಾಲ್ಕು ಬೆರಳು ಬಾಗಿತು. ಅಪ್ಪ ಡಾಕ್ಟರಿಗೆ “ಗಾಳಿಗೆ ಮರೆ ಬೇಕು ಸಾರ್” ಎಂದು ಹೇಳಿ ಎರಡೇ ದಿನದಲ್ಲಿ ಗೋಡೆ ಎಬ್ಬಿಸಿದರು. ನನಗೆ ಒಂದೇಟೂ ಹಾಕಲಿಲ್ಲ. ಅದೇ ಇಂದಿಗೂ ಚುಚ್ಚುತ್ತದೆ.

ಬೆಳಿಗ್ಗೆ ತಮ್ಮನಿಗೆ ಎಲ್ಲ ಹೇಳಿದೆ. ಅವನ ಮುಖ ಕೆಂಪಾಯಿತು.

“ಅಣ್ಣಾ, ಅಪ್ಪನ ಹೆಸರು ಮ್ಯೂಸಿಯಂ ಬಾಗಿಲ ಹಿತ್ತಾಳೆ ಫಲಕದಲ್ಲಿ ಬರ್ತಿದೆ. ವರ್ಷಕ್ಕೆ ನಾಲ್ಕು ಮಾತಾಡೋನು, ಇವತ್ತೇ ಬಾಯಿ ಬಿಡ್ಬೇಕಾ? ಇಷ್ಟು ವರ್ಷ ನಿಂತಿರೋದು ಈಗ ಬೀಳುತ್ತಾ?”

“ನಿಂತಿರೋದು ಆ ಗೋಡೆ ಮೇಲೆ ಕಣೋ.”

“ಚಾವಣಿ ಕಲ್ಲಾಗಿದೆ. ಸುಮ್ನಿರು.”

ಹತ್ತಾಯಿತು. ಇಬ್ಬರು ಆಳುಗಳು ದೊಡ್ಡ ಸುತ್ತಿಗೆ ಹಿಡಿದು ಬಂದರು. ನಾನು ಗೋಡೆಯ ಈಚೆ ಬದಿಗೆ ಬೆನ್ನು ಕೊಟ್ಟು ನಿಂತಿದ್ದೆ.

“ತಾತಾ, ಪಕ್ಕಕ್ಕೆ ಬನ್ನಿ. ಧೂಳು ಕೂತ್ರೆ ಮೀಸೆ ಇನ್ನೂ ಬೆಳ್ಳಗಾಗುತ್ತೆ!” ಎಂದು ಒಬ್ಬ ನಕ್ಕ.

ನಾನು ಕದಲಲಿಲ್ಲ. ಅವನು ಗೋಡೆಯ ಆ ಮೂಲೆಗೆ ಮೊದಲ ಏಟು ಹಾಕಿಯೇಬಿಟ್ಟ. ಬೆನ್ನು ನಡುಗಿತು. ಮೇಲಿನಿಂದ ಸುಣ್ಣದ ಪುಡಿ ಹೆಗಲ ಮೇಲೆ ಉದುರಿತು.

“ನಿಲ್ಸಿ! ಮೇಡಮ್ಮೋರೇ, ಕಂಬಿ ಕೆಳಗಿದೆ. ತುಳಿದವನು ನಾನೇ.”

ತಮ್ಮ ಮುಖ ತಿರುಗಿಸಿದ. ಮೇಡಂ ಎಲ್ಲ ಕೇಳಿಸಿಕೊಂಡು, ಜನರನ್ನು ದೂರ ಕಳಿಸಿ, ತಾವೇ ಮೇಲೆ ಹತ್ತಿ ನಿಂತು, ಚಾವಣಿಯ ಮೇಲ್ಭಾಗವನ್ನು ಉಳಿಯಿಂದ ಕೆತ್ತಿಸಿದರು. ಎರಡು ಬೆರಳು ಆಳಕ್ಕೆ ಸಿಗಬೇಕಾದ ಕಂಬಿ ಆರು ಬೆರಳು ಕೆತ್ತಿದರೂ ಸಿಗಲಿಲ್ಲ.

ಮೇಡಂ ಇಳಿದು ಬಂದು ಹಣೆ ಒರೆಸಿಕೊಂಡರು. “ಗೋಡೆ ಮುಟ್ಬೇಡಿ. ಮೊದ್ಲು ಜಾಕ್ ಕೊಟ್ಟು ಚಾವಣಿ ಎತ್ತಿ ಹಿಡೀರಿ.”

“ಅಪ್ಪನ ಹೆಸರು?” ಎಂದೆ.

“ಹೆಸರು ಎಲ್ಲಿ ಹೋಗುತ್ತೆ ತಾತಾ? ಈ ಗೋಡೇನೂ ಅವರೇ ಕಟ್ಟಿದ್ದು ಅಂತ ಬರೀಬೇಕಲ್ಲ.”

ಕೆತ್ತಿದ ಜಾಗ ಕಣ್ಣಾರೆ ನೋಡಬೇಕೆನಿಸಿ ಏಣಿಗೆ ಕಾಲಿಟ್ಟೆ. ಅಲ್ಲಿಯವರೆಗೆ ಮುಖ ತಿರುಗಿಸಿ ನಿಂತಿದ್ದ ತಮ್ಮ ಬಂದು ಏಣಿ ಹಿಡಿದುಕೊಂಡ.

“ಇಳಿ ಅಣ್ಣಾ. ಒಂದ್ಸಲ ತುಳಿದದ್ದು ಸಾಕು.”

ಇಳಿದೆ.