ರಟ್ಟಿನ ಡಬ್ಬಿ ಎತ್ತುವ ಮನುಷ್ಯ

ಆ ವಿಡಿಯೋ ಆರಿಸಿದ್ದು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿ ಬಿಡಿಸಿದೆವು ಅನ್ನಬಾರದು.

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ನಾನು ಹಮಾಲ. ಏಳನೇ ಕ್ಲಾಸಿಗೇ ಸಾಲಿ ಬಿಟ್ಟವನು. ನಮ್ಮ ಗ್ಯಾಂಗಿಗೆಲ್ಲ ಹಿರಿಯ ನನ್ನ ಸೋದರಮಾವ ಹುಲುಗಪ್ಪ. ನಮ್ಮೂರು ಕರೂರಿನಿಂದ ದಿನಾ ಒಂದೇ ಬಸ್ಸಿಗೆ ಬರುತ್ತಿದ್ದೆವು.

ಹೋದ ತಿಂಗಳು ಮ್ಯಾನೇಜರ್ ಉಮಾಪತಿ ಆಫೀಸಿಗೆ ಕರೆದ. ಕುರುಗೋಡಿನವನು, ಅಂಗಿಯ ಮಡಿಕೆ ಮುರಿಯದಂತೆ ಓಡಾಡುವವನು.

"ಏನಲೇ ದುರ್ಗೇಶ, ಊಟದ ಹೊತ್ತಿನ್ಯಾಗ ಫೋನ್ ಬಿಟ್ಟು ತಲಿ ಎತ್ತಂಗಿಲ್ಲ. ಇವತ್ತು ವಿಡಿಯೋ ನೋಡೋದ ನಿನ್ನ ಡ್ಯೂಟಿ. ಕುಂದ್ರು."

ಬಳ್ಳಾರಿಯಿಂದ ಕಾರ್ಮಿಕ ಇಲಾಖೆಯವರು ಚೆಕ್ಕಿಂಗಿಗೆ ಬರುತ್ತಾರಂತೆ. ಭಾರ ಹೇಗೆ ಎತ್ತಬೇಕು ಅನ್ನೋ ವಿಡಿಯೋ ಹಮಾಲರಿಗೆ ತೋರಿಸಿ, ಸಹಿ ತಗೊಂಡಿರಬೇಕಂತೆ. ತಿರುಗೋ ಕುರ್ಚಿ, ತಲೆ ಮೇಲೆ ಫ್ಯಾನು. ನನಗೂ ಒಂದು ಗಳಿಗೆ ಸೊಕ್ಕು ಬಂತು ಅಂತ ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಏಳು ವಿಡಿಯೋ. ಐದು ಇಂಗ್ಲಿಷು, ಒಂದು ಹಿಂದಿ, ಒಂದು ಕನ್ನಡ. ಏಳರಲ್ಲೂ ಪಾಲಿಶ್ ಬೂಟಿನ ಒಬ್ಬ ಮನುಷ್ಯ, ಅವನ ಮುಂದೆ ಒಂದು ರಟ್ಟಿನ ಡಬ್ಬಿ.

"ಸರ್, ಇದ್ರಾಗ ಒಂದರಾಗೂ ಚೀಲಾನ ಇಲ್ಲಲ್ರೀ?"

"ಭಾರ ಅಂದ್ರ ಭಾರಲೇ. ಚೀಲ ಆದ್ರೇನು, ಡಬ್ಬಿ ಆದ್ರೇನು? ಲಗೂನ ಆರಿಸು, ಲಾರಿ ನಿಂತಾವು."

ಕನ್ನಡದ್ದನ್ನು ಆರಿಸಿದೆ. ಮೂರು ನಿಮಿಷದ್ದು. ಮೊಣಕಾಲು ಮಡಚಿ ಕೂಡು, ಭಾರವನ್ನು ಎದೆಗೆ ಅಪ್ಪಿಕೋ, ಬೆನ್ನು ನೆಟ್ಟಗಿಟ್ಟು ಏಳು. ಇಷ್ಟೇ.

ನಮ್ಮಲ್ಲಿ ಭತ್ತದ ಚೀಲವನ್ನು ನೆಲದಿಂದ ಯಾರೂ ಒಬ್ಬನೇ ಎತ್ತುವುದಿಲ್ಲ. ಆ ಕಡೆ ಒಬ್ಬ, ಈ ಕಡೆ ಒಬ್ಬ ಕೊಕ್ಕೆ ಹಾಕಿ, 'ಹೂಂ' ಅಂತ ತೂಗಿ ಮೂರನೆಯವನ ಬೆನ್ನಿಗೆ ಕೊಡುತ್ತಾರೆ. ಅವನು ಹಲಗೆ ಮೇಲೆ ನಡೆದು ಲಾರಿ ಹತ್ತುತ್ತಾನೆ. ಇದನ್ನು ಯಾವ ವಿಡಿಯೋದವನೂ ಬಂದು ನೋಡಿಲ್ಲ.

ಮರುದಿನ ಗೋದಾಮಿನಲ್ಲಿ ಲ್ಯಾಪ್‌ಟಾಪ್ ಇಟ್ಟು ತೋರಿಸಿದರು. ನಮ್ಮ ಗ್ಯಾಂಗಿನ ಎರ್ರಿ ಸುಮ್ಮನಿರುವವನಲ್ಲ.

"ಇಂವ ಏನಲೇ, ಹೆಂಡ್ತಿಗಿ ಸೀರಿ ತಗೊಂಡು ಹೊಂಟಾನೇನು ಡಬ್ಬ್ಯಾಗ?"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. "ನಗಬ್ಯಾಡ್ರೋ. ನಮ್ಮ ಅಳಿಯ ಕುರ್ಚಿ ಮ್ಯಾಲೆ ಕುಂತು ಆರಿಸ್ಯಾನ," ಅಂದ. ಎಲ್ಲರೂ ಸಹಿ ಹಾಕಿ ಚಹಾ ಕುಡಿದು ಮರೆತೆವು. ಅವನೊಬ್ಬ ಮರೆಯಲಿಲ್ಲ.

ಮಧ್ಯಾಹ್ನ ಎರ್ರಿ, ನಾನು ಕೊಕ್ಕೆ ಹಿಡಿದು ನಿಂತಿದ್ದೆವು. ಮಾವ ಕೈ ಅಡ್ಡ ಮಾಡಿದ. "ಸರೀರಿ ಅತ್ಲಾಗ. ವಿಡಿಯೋದಾಗ ಒಬ್ನೇ ಎತ್ತಲಿಲ್ಲೇನು?"

"ಮಾವಾ, ಅದು ಡಬ್ಬಿ..."

"ನೀನ ಆರಿಸಿ ನೀನ ಬ್ಯಾಡ ಅಂತಿಯಲ್ಲೋ?"

ಕೂತ. ಚೀಲವನ್ನು ಮಗುವಿನ ಹಾಗೆ ಎದೆಗೆ ಅಪ್ಪಿದ. ಬೆನ್ನು ನೆಟ್ಟಗಿತ್ತು, ವಿಡಿಯೋದವನಿಗಿಂತ ನೆಟ್ಟಗೆ. ಅರ್ಧ ಎದ್ದವನು ಹಾಗೇ ಹಿಂದಕ್ಕೆ ಕುಸಿದ, ಚೀಲ ಅವನ ಮೇಲೆ ಬಿತ್ತು. ಚೀಲವನ್ನು ಎಳೆದು ಆಚೆ ಹಾಕಿದೆವು. ಅವನು ನನ್ನ ಮುಖ ನೋಡಿ ಕೇಳಿದ: "ಅಳಿಯಾ, ನನ್ನ ಕಾಲು ಎಲ್ಲಿ ಅದಾವಲೇ?"

ಈಗ ಬಳ್ಳಾರಿ ಆಸ್ಪತ್ರೆಯಲ್ಲಿದ್ದಾನೆ. ಕಾಲು ಚಿವುಟಿದರೆ ಗೊತ್ತಾಗುವುದಿಲ್ಲ.

ಎಂಟು ದಿನಕ್ಕೆ ಉಮಾಪತಿ ಒಂದು ಕಾಗದ ಮುಂದಿಟ್ಟ. 'ತರಬೇತಿ ನೀಡಿದ್ದರೂ ಸದರಿ ಕಾರ್ಮಿಕನು ಸೂಚನೆಯಂತೆ ಭಾರ ಎತ್ತದೆ ತನ್ನ ತಪ್ಪಿನಿಂದ ಬಿದ್ದಿರುತ್ತಾನೆ.' ಕೆಳಗೆ ಸಾಕ್ಷಿ ಅಂತ ನನ್ನ ಹೆಸರು. ಆ ಮಾತು ನಿಜ ಅಂತಾದರೆ ಮಾವನ ಮುರಿದ ನಡಕ್ಕೂ ಗಿರಣಿಗೂ ಸಂಬಂಧವೇ ಇಲ್ಲ, ಪರಿಹಾರವೂ ಇಲ್ಲ.

"ಸೈನ್ ಹಾಕು. ವಿಡಿಯೋ ಆರಿಸಿದ್ದು ನೀನು ಅಂತ ಹುಲುಗಪ್ಪನ ಹೆಂಡ್ತಿಗಿ, ನಿಮ್ಮ ಅತ್ತಿಗಿ, ಗೊತ್ತಿಲ್ಲ ಹೌದಿಲ್ಲೋ? ಗೊತ್ತಾಗೂದೂ ಬ್ಯಾಡ."

ಪೆನ್ನು ಅವನ ಮೇಜಿನ ಮೇಲೇ ಬಿಟ್ಟು ಎದ್ದು ಬಂದೆ.

ಮರುದಿನ ಕಾರ್ಮಿಕ ಇಲಾಖೆಯ ಅಧಿಕಾರಿ ನಂದಿನಿ ಮೇಡಂ ವಿಚಾರಣೆಗೆ ಗೋದಾಮಿಗೆ ಬಂದರು. ಉಮಾಪತಿ ಅದೇ ಕಾಗದ ಓದಿದ. ನಾನು ಮುಂದೆ ಬಂದೆ.

"ಸುಳ್ಳು ಐತ್ರಿ ಮೇಡಂ. ಅಂವ ವಿಡಿಯೋದಾಗ ಹೇಳಿದಂಗ ಎತ್ತಿದ. ಹೇಳಿದಂಗ ಎತ್ತಿದ್ದಕ್ಕ ಬಿದ್ದ."

"ನಿಮಗೆ ಹೇಗೆ ಗೊತ್ತು?"

"ಬಾಜೂಕ ನಿಂತಿದ್ದೆ. ಆ ವಿಡಿಯೋ ಆರಿಸಿದ್ದೂ ನಾನ."

"ನೋಡ್ರಿ!" ಉಮಾಪತಿ ಚಪ್ಪಾಳೆ ಹೊಡೆಯುವುದೊಂದು ಬಾಕಿ. "ಅವನ ಬಾಯಿಂದನ ಬಂತು!"

"ಹೌದು, ಬಂತು. ಅದನ್ನೂ ಬರಕೊಳ್ರಿ ಮೇಡಂ. ಏಳು ವಿಡಿಯೋ ಇಟ್ಟಿದ್ರು, ಏಳರಾಗೂ ಚೀಲ ಇರಲಿಲ್ಲ, ಕೇಳಿದ್ರ ಲಗೂ ಮಾಡು ಅಂದ್ರು. ಅದನ್ನೂ ಬರಕೊಳ್ರಿ." ಒಂದು ಚೀಲ ಎಳೆದು ಉಮಾಪತಿಯ ಬೂಟಿನ ಮುಂದೆ ಕೆಡವಿದೆ. "ಬಾ ಉಮಾಪತಿ. ಒಬ್ನೇ ಎತ್ತು. ಮೊಣಕಾಲು ಮಡಚು. ಎದಿಗಿ ಅಪ್ಪಿಕೋ."

ಸರ್ ಅನ್ನದೆ ಕರೆದದ್ದು ಅದೇ ಮೊದಲು. ಅವನು ಮೇಡಂ ಕಡೆ ನೋಡಿದ, ಚೀಲದ ಕಡೆ ನೋಡಿದ. "ನೋಡ್ರಿ ಎಂಥಾ ಮಾತು..." ಅಂದ. ಬಗ್ಗಲಿಲ್ಲ.

"ಎಷ್ಟು ತೂಕ ಇದು?" ಮೇಡಂ ಕೇಳಿದರು.

"ಎಪ್ಪತ್ತೈದು ಕಿಲೋ," ಎರ್ರಿ ಅಂದ. "ಸೀರಿ ಅಲ್ರಿ."

ಈ ಸಲ ಯಾರೂ ನಗಲಿಲ್ಲ. ಮೇಡಂ ಚೀಲವನ್ನು ತಕ್ಕಡಿಗೆ ಹಾಕಿಸಿ ನೋಡಿದರು, ಬರೆದರು. ನಾನು ಹೇಳಿದ್ದೆಲ್ಲ ಬರೆದು ಓದಿ ಹೇಳಿದರು. ಅಕ್ಷರ ಕೂಡಿಸಿ ಕೂಡಿಸಿ ನಾನೇ ಇನ್ನೊಂದು ಸಲ ಓದಿ, ಸಹಿ ಹಾಕಿದೆ.

ಸಂಜೆ ಬಳ್ಳಾರಿಗೆ ಹೋದೆ. ವಾರ್ಡಿನ ಹೊರಗೆ ಗಿಡ್ಡಮ್ಮ ಅತ್ತಿ ಮಾವನ ಲುಂಗಿ ಹಿಂಡುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ, ಕುರ್ಚಿ, ಫ್ಯಾನು ಏನನ್ನೂ ಬಿಡದೆ. ಒದ್ದೆ ಕೈಯಿಂದಲೇ ಕಪಾಳಕ್ಕೆ ಹೊಡೆದಳು.

ಆಮೇಲೆ ಕೇಳಿದಳು: "ಇದನ್ನೆಲ್ಲಾ ಆ ಮೇಡಂ ಕಡೆ ಬರಿಸೀಯೇನು?"

"ಬರಿಸೀನಿ."

"ನಿನ್ನ ಹೆಸರೂ?"

"ನನ್ನ ಹೆಸರೂ."

ಲುಂಗಿ ಕೊಡವಿ ಒಳಗೆ ಹೋದಳು. ನನ್ನನ್ನು ಕರೆಯಲಿಲ್ಲ. ಬಾಗಿಲನ್ನೂ ಹಾಕಲಿಲ್ಲ.