ಕಡಲ ತಳದ ಕಾಮಾಕ್ಷಿಪಾಳ್ಯ

ಸಮುದ್ರದ ತಳದ ನಕ್ಷೆ ತಯಾರಾಗುತ್ತಿದ್ದದ್ದು ಬೆಂಗಳೂರಿನ ವಿಜಯನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಕೂತು ಅರಬ್ಬಿ ಸಮುದ್ರದ ಆಳ ಅಳೆಯುವ ತನ್ನ ಉದ್ಯೋಗವನ್ನು ಯಾರಿಗಾದರೂ ವಿವರಿಸಲು ಹೊರಟರೆ, ಕೇಳುವವರಿಗಿಂತ ಮೊದಲು ಬಾಳೇಶನಿಗೇ ನಗು ಬರುತ್ತಿತ್ತು. ಸಮುದ್ರವನ್ನು ಅವನು ಹತ್ತಿರದಿಂದ ಕಂಡದ್ದು ಒಂದೇ ಸಲ. ಸರ್ವೆ ದೋಣಿ ಹತ್ತಿದವನು ದಡ ಮರೆಯಾಗುವ ಮೊದಲೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನೀರಿಗೆ ಅರ್ಪಿಸಿ, ಉಳಿದ ಹೊತ್ತನ್ನು ಹಗ್ಗದ ಸುರುಳಿಯ ಮೇಲೆ ಮಲಗಿ ಕಳೆದಿದ್ದ. ಅಂದಿನಿಂದ ದೋಣಿಗೆ ಬೇರೆಯವರು ಹೋದರು. ಬಾಳೇಶ ಬೇಕರಿಯ ಮೇಲಿನ ಕಡಲ ತಜ್ಞನಾಗಿ ಉಳಿದ.

ಕೆಲಸ ಕೇಳಲು ದೊಡ್ಡದಾದರೂ ವಿಷಯ ಸರಳ. ದೋಣಿಯಿಂದ ನೀರಿನೊಳಕ್ಕೆ ಸದ್ದು ಬಿಡುತ್ತಾರೆ. ಅದು ತಳಕ್ಕೆ ತಾಗಿ ಮರಳಿ ಬರುತ್ತದೆ. ಬೇಗ ಬಂದರೆ ದಿಬ್ಬ, ತಡವಾದರೆ ಹಳ್ಳ. ಬಂಡೆಯಾದರೆ ಸದ್ದು ಜೋರಾಗಿ ಬರುತ್ತದೆ, ಕೆಸರಾದರೆ ಅರ್ಧ ನುಂಗಿಕೊಂಡು ಉಳಿದದ್ದನ್ನು ಕಳಿಸುತ್ತದೆ. ಅಲ್ಲಲ್ಲಿ ತಳದ ಮಣ್ಣು ಬಾಚಿ ತಂದು ಅದರಲ್ಲಿ ಯಾವ ಜೀವ ಇದೆ ಎಂದೂ ನೋಡುತ್ತಾರೆ. ಇದೆಲ್ಲ ಸೀಡಿಗಳಲ್ಲಿ ತುಂಬಿಕೊಂಡು ವಿಜಯನಗರಕ್ಕೆ ಬಂದರೆ, ಬಾಳೇಶ ಬಂಡೆಗೆ ಕಂದು, ಮರಳಿಗೆ ಹಳದಿ, ಕೆಸರಿಗೆ ಬೂದು ಹಚ್ಚಿ ನಕ್ಷೆ ಮಾಡುತ್ತಿದ್ದ. ಆ ನಕ್ಷೆ ನೋಡಿ ಸರ್ಕಾರದ ಸಮಿತಿಯೊಂದು ಹಡಗಿಗೆ ಎಲ್ಲಿ ದಾರಿ, ಬಲೆಗೆ ಎಲ್ಲಿ ಜಾಗ, ಮೀನು ಮರಿಗಳನ್ನು ಎಲ್ಲಿ ಮುಟ್ಟಬಾರದು ಎಂದು ತೀರ್ಮಾನಿಸಬೇಕಿತ್ತು. ಎಲ್ಲಕ್ಕಿಂತ ಅವಸರದ ಪ್ರಶ್ನೆ ಇನ್ನೊಂದಿತ್ತು: ಬಂದರಿನ ಹೂಳೆತ್ತಿದರೆ ಆ ರಾಶಿ ರಾಶಿ ಹೂಳನ್ನು ಸಮುದ್ರದಲ್ಲಿ ಎಲ್ಲಿ ಸುರಿಯುವುದು? ಸುರಿದ ಜಾಗದಲ್ಲಿ ಇದ್ದದ್ದೆಲ್ಲ ಉಸಿರುಕಟ್ಟಿ ಸಾಯುತ್ತದೆ.

ತಳದ ತುಂಡುಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ನಂಬರೆಂದರೆ ಬಾಳೇಶನಿಗೆ ಮೊದಲಿನಿಂದಲೂ ತಲೆನೋವು. ಆದ್ದರಿಂದ ತನ್ನ ಕಣ್ಣಿಗೆ ಮಾತ್ರ ಎಂದು ಕಂಪ್ಯೂಟರಿನಲ್ಲಿ ನಕ್ಷೆಯ ಮೇಲೆ, ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವಂಥ ಇನ್ನೊಂದು ಪದರ ಮಾಡಿಕೊಂಡು, ಒಂದು ಮಧ್ಯಾಹ್ನ ಖಾರಾ ಬನ್ ತಿನ್ನುತ್ತ ಎಲ್ಲಕ್ಕೂ ನಾಮಕರಣ ಮಾಡಿದ. ಎತ್ತರದ ಬಂಡೆಸಾಲು ರಾಜಾಜಿನಗರ. ಅಗಲವಾದ ಮರಳು ಬಯಲು ವಿಜಯನಗರ. ಬಣ್ಣಬಣ್ಣದ ಹವಳ ಬೆಳೆದು ಮೀನು ತುಂಬಿದ ತಂಪಾದ ಜಾಗ ಬಸವೇಶ್ವರನಗರ. ಬಂದರಿನ ಬಾಯಿಗೆ ಅಂಟಿಕೊಂಡ ಬೂದು ಕೆಸರಿಗೆ ಹೆಸರಿಡಲು ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. ಕಾಮಾಕ್ಷಿಪಾಳ್ಯ ಎಂದು ಒತ್ತಿ, ತಾನೇ ನಕ್ಕು, ಕೈಗೆ ಅಂಟಿದ್ದ ಬನ್ನಿನ ಚೂರು ಒರೆಸಿಕೊಂಡ.

ಬಾಳೇಶನ ಮನೆ ಇದ್ದದ್ದು ಕಾಮಾಕ್ಷಿಪಾಳ್ಯದಲ್ಲಿ. ರೋಣದ ಕಡೆಯಿಂದ ಬಂದ ಅವ್ವ ಕಸ್ತೂರೆವ್ವ ಅಲ್ಲಿ ಜೋಳದ ರೊಟ್ಟಿ ತಟ್ಟಿ ಖಾನಾವಳಿಗೂ, ಬಸವೇಶ್ವರನಗರದ ದೊಡ್ಡ ಮನೆಗಳಿಗೂ ಕೊಡುತ್ತಿದ್ದಳು. ಎಡಕ್ಕೊಂದು ಗಾರ್ಮೆಂಟ್ಸ್, ಬಲಕ್ಕೊಂದು ಲೇತ್ ವರ್ಕ್‌ಶಾಪು, ನಡುವೆ ಅವರ ಮನೆ. ಇದನ್ನು ಬಾಳೇಶ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ನೀಲಾಂಬಿಕಾ ಮೇಡಂ ಮನೆ ಎಲ್ಲಿ ಎಂದು ಕೇಳಿದಾಗ, ಬಾಯಿ ತಾನಾಗಿಯೇ ಬಸವೇಶ್ವರನಗರ ಎಂದುಬಿಟ್ಟಿತ್ತು.

ಅದರ ಶಿಕ್ಷೆ ಅಂದು ಸಂಜೆಯಿಂದಲೇ ಶುರುವಾಯಿತು. ಆಫೀಸಿನ ಒಡತಿ ನೀಲಾಂಬಿಕಾ ರಾಜಾಜಿನಗರದವರು. ದಿನಾ ತಮ್ಮ ಮಾರುತಿಯಲ್ಲಿ ಅವನನ್ನು ಕೂರಿಸಿಕೊಂಡು, ಮಾಗಡಿ ರೋಡು ದಾಟಿ, ಅವನ ಮನೆಯ ಓಣಿಯ ಬಾಯಿಯನ್ನೇ ಹಾದು, ಹಾವನೂರು ಸರ್ಕಲ್ಲಿನಲ್ಲಿ ಇಳಿಸುತ್ತಿದ್ದರು. ಬಾಳೇಶ ಕೈಬೀಸಿ, ಯಾವುದೋ ಮರದ ಸಾಲಿನ ರಸ್ತೆಗೆ ಗತ್ತಿನಿಂದ ತಿರುಗಿ, ಕಾರು ಮರೆಯಾದ ಮೇಲೆ ಬಂದ ದಾರಿಯಲ್ಲೇ ವಾಪಸು ನಡೆಯುತ್ತಿದ್ದ. ಮಳೆ ಬಂದ ದಿನ ತನ್ನ ಬುದ್ಧಿಗೆ ತಾನೇ ಛೀಮಾರಿ ಹಾಕಿಕೊಂಡು ನಡೆಯುತ್ತಿದ್ದ. ಆದರೂ ಮರುದಿನ ಅದೇ ಸರ್ಕಲ್ಲು.

ಸಮಿತಿಯ ಸಭೆ ಬೇಕರಿಯ ಮೇಲೆಯೇ ನಡೆಯಿತು, ಏಕೆಂದರೆ ಆ ನಕ್ಷೆಯನ್ನು ಹೊರಬಲ್ಲ ಕಂಪ್ಯೂಟರು ಇದ್ದದ್ದು ಅಲ್ಲಿ ಮಾತ್ರ. ಅಧ್ಯಕ್ಷರು ಚನ್ನವೀರಪ್ಪ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ ಧರಿಸಿದ ಹಿರಿಯ ಅಧಿಕಾರಿ. ಬಂದರಿನ ಪರವಾಗಿ ಬಂದವರು ನಾಗಭೂಷಣ್, ಡೀಸೆಲ್ ಉಳಿತಾಯದಲ್ಲೇ ಮೋಕ್ಷ ಕಂಡ ಎಂಜಿನಿಯರು. ನೀಲಾಂಬಿಕಾ ನಂಬರು ಹೇಳುತ್ತ ಹೋದರು, ಸಮಿತಿ ಆಕಳಿಸುತ್ತ ಹೋಯಿತು. ಹವಳದ ಜಾಗ ಬಂದಾಗ ಒಬ್ಬರು ಪಫ್ಸ್ ಇನ್ನೊಂದಿದೆಯೇ ಎಂದು ಕೇಳಿದರು.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕುಂಯ್ಗುಟ್ಟಿ ಅದೂ ಕಣ್ಣು ಮುಚ್ಚಿತು. ಕರೆಂಟು ಬಂದ ಮೇಲೆ ಬಾಳೇಶ ಗಡಿಬಿಡಿಯಲ್ಲಿ ನಕ್ಷೆ ತೆರೆದ. ತನ್ನ ಖಾಸಗಿ ಪದರವನ್ನು ಅವನು ಬೆಳಿಗ್ಗೆ ಮುಚ್ಚಿದ್ದ, ಆದರೆ ಮುಚ್ಚಿದ್ದನ್ನು ಉಳಿಸಿಟ್ಟಿರಲಿಲ್ಲ. ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ಮೇಲೆ ಅರಬ್ಬಿ ಸಮುದ್ರ ತೆರೆದುಕೊಂಡಿತು, ಅದರ ತಳದಲ್ಲಿ ಪಶ್ಚಿಮ ಬೆಂಗಳೂರಿನ ಬಸ್ ಸ್ಟಾಪುಗಳೆಲ್ಲ ಸಾಲಾಗಿ ಕೂತಿದ್ದವು.

ಚನ್ನವೀರಪ್ಪ ಕನ್ನಡಕ ಹಾಕಿಕೊಂಡರು.

"ಇದೇನ್ರೀ ಇದು, ನಮ್ಮ ರಾಜಾಜಿನಗರ ಯಾವಾಗ ಮುಳುಗಿದ್ದು?"

ನೀಲಾಂಬಿಕಾ ಬಾಳೇಶನನ್ನು ನೋಡಿದರು. ಬಾಳೇಶ ಇಂಗು ತಿಂದ ಮಂಗನಂತೆ ಮೌಸ್ ಹಿಡಿದು ನಿಂತ. ಪದರ ಮುಚ್ಚಲು ಹೊರಟರೆ ಅಧ್ಯಕ್ಷರೇ ಬೇಡವೆಂದರು.

"ಇರಲಿ ಬಿಡ್ರೀ. ಈಗ ಸ್ವಲ್ಪ ಅರ್ಥ ಆಗ್ತಾ ಇದೆ. ರಾಜಾಜಿನಗರದಲ್ಲಿ ಏನಿದೆ ಹೇಳಿ."

ಅಲ್ಲಿಯವರೆಗೆ ತೂಕಡಿಸುತ್ತಿದ್ದ ಸಮಿತಿ ನೆಟ್ಟಗೆ ಕೂತಿತು. ರಾಜಾಜಿನಗರದ ಬಂಡೆಗಳಲ್ಲಿ ಮೀನು ಮೊಟ್ಟೆಯಿಡುತ್ತವೆ ಎಂದಾಗ ಅಧ್ಯಕ್ಷರು ಅಭಿಮಾನದಿಂದ ತಲೆಯಾಡಿಸಿದರು. ವಿಜಯನಗರದ ಮರಳಿನ ಮೇಲೆ ಬಲೆ ಎಳೆಯುವವರಿದ್ದಾರೆ, ಅವರಿಗೆ ತೊಂದರೆ ಕೊಡಬೇಡಿ ಎಂದು ಒಬ್ಬರು ವಾದಿಸಿದರು. ಬಸವೇಶ್ವರನಗರದ ಹವಳದ ಹತ್ತಿರ ಹಡಗು ಲಂಗರು ಹಾಕಕೂಡದು ಎಂದು ಅಲ್ಲಿ ಸೈಟು ಮಾಡಿಕೊಂಡಿದ್ದ ಇನ್ನೊಬ್ಬರು ಪಟ್ಟು ಹಿಡಿದರು. ತಿಂಗಳುಗಟ್ಟಲೆ ತಾನು ಬಳಿದ ಬಣ್ಣಕ್ಕೆ ಆಗದ ಕೆಲಸ ನಾಲ್ಕು ಬಸ್ ಸ್ಟಾಪುಗಳಿಂದ ಆಗುತ್ತಿರುವುದನ್ನು ಕಂಡು ಬಾಳೇಶನಿಗೆ ಒಳಗೊಳಗೇ ಹೆಮ್ಮೆಯಾಯಿತು.

"ಹಾಗಾದ್ರೆ ಹೂಳು ಎಲ್ಲಿ ಹಾಕೋಣ?" ಅಧ್ಯಕ್ಷರು ಕೇಳಿದರು.

"ಉಳಿದಿರೋದು ಕಾಮಾಕ್ಷಿಪಾಳ್ಯ ಒಂದೇ ಅಲ್ವಾ ಸಾರ್," ಎಂದರು ನಾಗಭೂಷಣ್. "ಬಂದರಿಗೂ ಹತ್ರ. ಅಲ್ಲಿ ಈಗಾಗ್ಲೇ ಇರೋದೇ ಗಲೀಜು. ಇನ್ನಷ್ಟು ಹಾಕಿದ್ರೆ ಯಾರಿಗೆ ಗೊತ್ತಾಗತ್ತೆ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಳೇಶ. ಆಫೀಸಿನಲ್ಲಿ ಕಾಮಾಕ್ಷಿಪಾಳ್ಯದ ಹೆಸರು ಬಂದಾಗೆಲ್ಲ ಹಾಗೆ ನಕ್ಕು ಅವನಿಗೆ ಅಭ್ಯಾಸವಾಗಿತ್ತು. ಚನ್ನವೀರಪ್ಪ ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಳೇಶ ನಗು ನಿಲ್ಲಿಸಿದ. ಆ ಕೆಸರಿನಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಿತ್ತು. ಬಾಚಿ ತಂದ ಒಂದೊಂದು ಬೊಗಸೆಯಲ್ಲೂ ಹುಳುಗಳ ಗೂಡು, ಅಕ್ಕಿ ಕಾಳಿನಷ್ಟು ಏಡಿ, ಕಣ್ಣು ಮಾತ್ರ ಕಾಣುವ ಸಿಗಡಿ ಮರಿ. ಒಂದರ ಗೋಡೆಗೆ ಇನ್ನೊಂದು ಬೆನ್ನು ಹಚ್ಚಿಕೊಂಡು ಬದುಕುವ ಜೀವಗಳು. ವರದಿಯಲ್ಲಿ ಅವನು ಅದಕ್ಕೆ ಕೊಟ್ಟದ್ದು ಒಂದೇ ಸಾಲು: ಸಮತಟ್ಟು, ಮೆದು ತಳ, ವಿಶೇಷವೇನಿಲ್ಲ. ಹವಳಕ್ಕೆ ಪುಟಗಟ್ಟಲೆ ಬರೆದ ಕೈ ಇದೇ. ಅವನಿಗೆ ತನ್ನ ಮೇಲೆ ಹೇಸಿಗೆ ಬಂತು.

"ಬೇಡ ಸಾರ್," ಎಂದ. "ಅಲ್ಲಿ ಜನ ಇದಾರೆ."

"ಜನಾನಾ?"

"ಅಂದ್ರೆ ಸಿಗಡಿ ಮರಿ ಸಾರ್. ಏಡಿ, ಹುಳ. ನಾನು ವರದಿಯಲ್ಲಿ ಸರಿಯಾಗಿ ಬರ್ದಿಲ್ಲ, ತಪ್ಪು ನಂದೇ. ಸಿಗಡಿ ಬೆಳೆಯೋದೇ ಆ ಕೆಸರಲ್ಲಿ. ಬಸವೇಶ್ವರನಗರದಲ್ಲಿ ಇರೋ ಮೀನು ಇದೆಯಲ್ಲ ಸಾರ್, ಅದು ಅಲ್ಲಿ ಸುಮ್ನೆ ಚೆನ್ನಾಗಿ ಕಾಣ್ಕೊಂಡು ಇರತ್ತೆ. ಹೊಟ್ಟೆಗೆ ಬೇಕು ಅಂದ್ರೆ ಕಾಮಾಕ್ಷಿಪಾಳ್ಯಕ್ಕೇ ಬರ್ಬೇಕು. ಇದನ್ನ ಮುಚ್ಚಿದ್ರೆ ಅದೂ ಉಳಿಯಲ್ಲ."

ನಾಗಭೂಷಣ್ ಕುರ್ಚಿಗೆ ಒರಗಿದರು. "ನಿಮಗ್ಯಾಕ್ರೀ ಅಷ್ಟೊಂದು ಸಂಕಟ? ನೀವೇನು ಅಲ್ಲೇ ಮನೆ ಮಾಡಿದೀರಾ?"

ಅವರು ತಮಾಷೆಗೆ ಕೇಳಿದ್ದರು. ತಮಾಷೆಯಾಗಿಯೇ ಬಿಡಬಹುದಿತ್ತು.

"ಹೌದು ಸಾರ್. ನಮ್ಮನೆ ಅಲ್ಲೇ. ಖಾನಾವಳಿ ಹಿಂದೆ."

ಕೆಳಗೆ ಬೇಕರಿಯವನು ಟ್ರೇ ಎಳೆದ ಸದ್ದು ಕೇಳಿಸಿತು. ಬಾಳೇಶ ನೀಲಾಂಬಿಕಾರ ಮುಖ ನೋಡಲಿಲ್ಲ. ಚನ್ನವೀರಪ್ಪ ಸ್ವಲ್ಪ ಹೊತ್ತು ಬೂದು ಬಣ್ಣವನ್ನೇ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದರು.

"ಇನ್ನೂ ಆಚೆ, ಆಳದಲ್ಲಿ ಬೇರೆ ಜಾಗ ನೋಡಿ. ಅದನ್ನೂ ಸರ್ವೆ ಮಾಡಿಸಿ, ಅಲ್ಲೇನಿದೆ ಅಂತ ಮೊದ್ಲು ತಿಳ್ಕೊಳ್ಳೋಣ. ಡೀಸೆಲ್ ಜಾಸ್ತಿ ಆದ್ರೆ ಆಗ್ಲಿ. ಅಲ್ಲೀವರೆಗೂ ಇಲ್ಲಿ ಏನೂ ಸುರಿಯೋದು ಬೇಡ." ಎದ್ದು ನಿಂತವರು ಬಾಳೇಶನ ಕಡೆ ತಿರುಗಿದರು. "ನಕ್ಷೆಯಿಂದ ಆ ಹೆಸರುಗಳನ್ನ ತೆಗೀರಿ. ದೆಹಲಿಯವರು ನೋಡಿದ್ರೆ ನಗ್ತಾರೆ."

ಸಂಜೆ ಬಾಳೇಶ ಬಸ್ಸಿಗೆ ಹೋಗಲೆಂದು ಮೆಟ್ಟಿಲಿಳಿದರೆ, ಮಾರುತಿಯ ಬಾಗಿಲು ತೆರೆದೇ ಇತ್ತು. ಹತ್ತಿ ಕೂತ. ಟೋಲ್‌ಗೇಟಿನ ಹತ್ತಿರ ನೀಲಾಂಬಿಕಾ ಬಾಯಿ ತೆರೆದರು.

"ಅಂದ್ರೆ ನಾನು ದಿನಾ ನಿಮ್ಮನೆ ಮುಂದೇನೇ ಹೋಗ್ತಿದ್ದೆ."

"ಹೂಂ ಮೇಡಂ."

"ಆ ಮಳೆ ದಿನಾನೂ?"

"ಹೂಂ ಮೇಡಂ."

ಅವರಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಅವನಿಗೆ ತಿಳಿಯಲಿಲ್ಲ. ಮಾಗಡಿ ರೋಡು ದಾಟಿದ ಮೇಲೆ ಕಾರು ನಿಧಾನವಾಯಿತು.

"ಎಲ್ಲಿ ತಿರುಗಿಸ್ಬೇಕು ಹೇಳಿ."

ಹೇಳಿದ. ಗಾರ್ಮೆಂಟ್ಸ್ ಬಿಟ್ಟ ಹೊತ್ತು. ಹೆಂಗಸರ ಗುಂಪು ದಾರಿ ಬಿಡುವವರೆಗೆ ಕಾದು, ಕಾರು ಖಾನಾವಳಿಯ ಹಿಂದೆ ನಿಂತಿತು. ಕಸ್ತೂರೆವ್ವ ಜೋಳದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮಗ ಕಾರಿನಿಂದ ಇಳಿದದ್ದನ್ನೂ, ಆ ಕಾರು ಬಂದ ದಿಕ್ಕನ್ನೂ ನೋಡಿದಳು.

"ಬರ್ರೀ ಯವ್ವಾ, ಒಳಗ ಬರ್ರಿ," ಎಂದು ಮೇಡಂಗೆ ಹೇಳಿ, ಮಗನ ಕಡೆ ತಿರುಗಿದಳು. "ಇದೇನೋ ಇವತ್ತ ಈ ಕಡಿಂದ ಬಂದಿ? ದಿನಾ ಸರ್ಕಲ್ ಕಡಿಂದ ನಡಕೊಂತ ಬರ್ತಿದ್ದಿ. ಅದಕ್ಕ ನಿನ್ನ ಆಫೀಸು ಬಸವೇಶ್ವರನಗರದಾಗ ಐತಿ ಅಂತ ನಾ ರೊಟ್ಟಿ ಒಯ್ಯೋ ಮನೀಗೆಲ್ಲಾ ಹೇಳೀನಿ. ಮೊನ್ನೆ ನಿನಗಂತ ಬುತ್ತಿ ಕಟ್ಕೊಂಡು ಆ ಓಣಿಯೆಲ್ಲಾ ಹುಡುಕಿ ಬಂದೆ. ಯಾರಿಗೂ ಗೊತ್ತಿರಲಿಲ್ಲ."

ನೀಲಾಂಬಿಕಾ ಹೊಸ್ತಿಲ ಮೇಲೆ ಹಾಗೆಯೇ ನಿಂತರು. ಬುತ್ತಿಯ ವಿಷಯವನ್ನು ಅವ್ವ ಅವನಿಗೆ ಇದುವರೆಗೆ ಹೇಳಿರಲಿಲ್ಲ. ಕಡಲ ತಳದ ಹಳ್ಳ ದಿಬ್ಬಗಳನ್ನೆಲ್ಲ ಬಲ್ಲ ಬಾಳೇಶನ ಕಣ್ಣು ಮಂಜಾಯಿತು.

"ಹಂಗಾರ ಎಲ್ಲೈತೋ ನಿನ್ನ ಆಫೀಸು?" ಕಸ್ತೂರೆವ್ವ ಕೇಳಿದಳು.

ಅವನು ಕೈಯೆತ್ತಿ, ಮಾಗಡಿ ರೋಡಿನ ಆಚೆಗೆ, ವಿಜಯನಗರದ ಕಡೆಗೆ ತೋರಿಸಿದ.